ಲಂಕೆಯಲ್ಲಿ ಬಿಟ್ಟುಬಂದ ರಿಂಗು

ಪೀಣ್ಯ

ವಿದೇಶಕ್ಕೆ ಹೋಗುವವರು ಗುರುತಿಗೆಂದು ಬ್ಯಾಗಿಗೆ ಕೆಂಪು ರಿಬ್ಬನ್ನೋ, ಹಳೇ ದುಪಟ್ಟಾದ ತುಂಡೋ ಕಟ್ಟುತ್ತಾರೆ. ನಾನು ನಮ್ಮದೇ ಪಟ್ಟಿ ಕಟ್ಟಿಸಿದೆ. ಫ್ರಿಜ್ಜು, ಟಿವಿ, ಮಿಕ್ಸಿ ಬರುವ ರಟ್ಟಿನ ಪೆಟ್ಟಿಗೆಗೆ ಬಿಗಿಯಾಗಿ ಸುತ್ತಿರುತ್ತಾರಲ್ಲ, ಆ ಹಳದಿ ಪ್ಲಾಸ್ಟಿಕ್ ಪಟ್ಟಿ. ಬೆರಳಿನಷ್ಟೇ ಅಗಲ, ಆದರೆ ಇಬ್ಬರು ಗಂಡಸರು ಎರಡು ಕಡೆಯಿಂದ ಜಗ್ಗಿದರೂ ಹರಿಯುವುದಿಲ್ಲ. ಪೀಣ್ಯ ಎರಡನೇ ಹಂತದಲ್ಲಿ, ಒಂದು ಸ್ಪ್ರಿಂಗ್ ಕಾರ್ಖಾನೆಗೂ ಒಂದು ಪೇಂಟಿಂಗ್ ಶೆಡ್ಡಿಗೂ ನಡುವೆ ಸಿಕ್ಕಿಕೊಂಡಿರುವ ನಮ್ಮ ಶೆಡ್ಡಿನಲ್ಲಿ ಇಪ್ಪತ್ತೆರಡು ವರ್ಷದಿಂದ ನಾವು ಮಾಡುತ್ತಿರುವುದು ಅದನ್ನೇ. ನಾವು ಎಂದರೆ ನಾನು. ನಮ್ಮ ಮನೆಯವರು ಜಾಲಹಳ್ಳಿಯ ಸರ್ಕಾರಿ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ನನ್ನ ಶೆಡ್ಡಿಗೆ ಅವರು ಬರುವುದು ವರ್ಷಕ್ಕೊಮ್ಮೆ, ಆಯುಧಪೂಜೆಯ ದಿನ ಕುಂಬಳಕಾಯಿ ಒಡೆಯುವುದಕ್ಕೆ.

ಈ ಪಟ್ಟಿಯ ಬಗ್ಗೆ ಎರಡು ಮಾತು ಮೊದಲೇ ಹೇಳಿಬಿಡಬೇಕು. ಮುಂದೆ ಬೇಕಾಗುತ್ತವೆ.

ಒಂದು, ಪಟ್ಟಿಯ ಮೈಮೇಲೆ ಸಣ್ಣ ಸಣ್ಣ ಚೌಕಳಿ ಒತ್ತಿರುತ್ತದೆ. ಅದನ್ನು ಒತ್ತುವುದು ಉಕ್ಕಿನ ರೋಲು. ನಮ್ಮ ರೋಲಿಗೆ ಹಿಂದೊಮ್ಮೆ ಸ್ಪ್ಯಾನರ್ ಬಿದ್ದು ಒಂದು ಜಾಗದಲ್ಲಿ ಪೆಟ್ಟಾಗಿದೆ. ಹಾಗಾಗಿ ನಮ್ಮ ಪಟ್ಟಿಯಲ್ಲಿ ಒಂದೂವರೆ ಗೇಣಿಗೊಮ್ಮೆ ಎಳ್ಳಿನಷ್ಟು ಜಾಗ ಚೌಕಳಿಯಿಲ್ಲದೆ ನುಣ್ಣಗೆ ಬರುತ್ತದೆ. ಬಲದಲ್ಲಿ ಕೊರತೆಯೇನಿಲ್ಲ. ಆದರೂ ನೋಡುವವರ ಕಣ್ಣಿಗೆ ಅದೊಂದು ಐಬು. ‘ಆಯುಧಪೂಜೆ ರಜಾದಲ್ಲಿ ರೋಲ್ ಬಿಚ್ಚಿ ತೇಯಿಸ್ಕೊಂಡು ಬಂದ್ಬಿಡ್ತೀನಿ ಮೇಡಂ’ ಎಂದು ಫಿಟ್ಟರ್ ಸೆಲ್ವಂ ವರ್ಷಾ ವರ್ಷಾ ಹೇಳುತ್ತಾನೆ. ಆ ರಜೆಯಲ್ಲಿ ಅವನು ಊರಿಗೆ ಹೋಗಿಬಿಡುತ್ತಾನೆ.

ಎರಡು, ನಮ್ಮಲ್ಲಿ ಪೆಟ್ಟಿಗೆ ಬಿಚ್ಚುವಾಗ ಪಟ್ಟಿಯನ್ನು ಯಾರೂ ಕತ್ತರಿಸುವುದಿಲ್ಲ. ಪೆಟ್ಟಿಗೆಯ ಮೂಲೆಗೆ ಮೊಣಕಾಲು ಕೊಟ್ಟು ಒತ್ತಿ, ಹೆಬ್ಬೆರಳಿನಿಂದ ಪಟ್ಟಿಯನ್ನು ಜಾರಿಸಿ, ಇಡಿಯಾಗಿ ತೆಗೆದು ಗೋಡೆಯ ಮೊಳೆಗೆ ನೇತುಹಾಕುತ್ತೇವೆ. ಅದಕ್ಕೆ ರಿಂಗು ಎನ್ನುತ್ತೇವೆ. ನೀರಿನ ಕ್ಯಾನು ಹೊರಲು, ಬಕೆಟ್ಟಿನ ಹಿಡಿ ಮುರಿದರೆ ಸಿಕ್ಕಿಸಲು, ಮಳೆಗೆ ಟಾರ್ಪಾಲು ಬಿಗಿಯಲು, ಸ್ಕೂಟರಿನ ಹಿಂದೆ ಅಕ್ಕಿ ಮೂಟೆ ಕಟ್ಟಲು, ಎಲ್ಲಕ್ಕೂ ಅದೇ. ಈ ಪಾಠ ಕಲಿಸಿದವಳು ನಾನು. ಚಾಕು ಹಿಡಿದು ಪಟ್ಟಿ ಕೊಯ್ಯುವವರನ್ನು ಕಂಡರೆ ನನಗೆ ಅನ್ನ ಚೆಲ್ಲುವವರನ್ನು ಕಂಡಷ್ಟೇ ಸಿಟ್ಟು ಬರುತ್ತಿತ್ತು.

ನನ್ನ ಎರಡು ಬ್ಯಾಗುಗಳನ್ನು ಯಂತ್ರದ ಮೇಲಿಟ್ಟು ಒಂದೊಂದಕ್ಕೆ ಎರಡೆರಡು ಪಟ್ಟಿ ಹಾಕಿ, ತುದಿಗಳನ್ನು ಬಿಸಿಮಾಡಿ ಅಂಟಿಸಿದವಳು ನಾಗಮ್ಮ. ಕೊಪ್ಪಳದ ಕಡೆಯವಳು, ಹನ್ನೊಂದು ವರ್ಷದಿಂದ ನಮ್ಮಲ್ಲಿ ಪ್ಯಾಕಿಂಗ್ ನೋಡಿಕೊಳ್ಳುವವಳು.

‘ಹೆಂಗ್ ಕಟ್ಟೀನಿ ನೋಡ್ರಿ ಅಕ್ಕಾರ, ವಿಮಾನ ಬಿದ್ರೂ ಬ್ಯಾಗ್ ಬಿಚ್ಚಂಗಿಲ್ಲ’ ಎಂದಳು.

‘ಹೊರಡೋ ಹೊತ್ತಲ್ಲಿ ಬಿಡ್ತು ಅನ್ನೇ’ ಎಂದೆ.

ವಿಮಾನ ನಿಲ್ದಾಣದಲ್ಲಿ ನನ್ನ ಬ್ಯಾಗು ನೋಡಿದ ಶೋಭಾಳ ಮುಖ ಹುಳ್ಳಗಾಯಿತು. ‘ಏನ್ ಅತ್ತಿಗೆ ಇದು, ಬ್ಯಾಗೋ ಫ್ರಿಜ್ಜೋ?’ ಎಂದಳು.

ಶೋಭಾ ನನ್ನ ನಾದಿನಿ, ನಮ್ಮ ಮನೆಯವರ ತಂಗಿ. ಮೂಲ ದಾವಣಗೆರೆಯೇ ಆದರೂ ಈಗ ಹೂಡಿಯ ಹದಿನಾರು ಅಂತಸ್ತಿನ ಅಪಾರ್ಟ್‌ಮೆಂಟಿನಲ್ಲಿ ಅವಳದೇ ರಾಜ್ಯ. ಅಲ್ಲಿಯ ಕಸದ ಸಮಿತಿಗೆ ಅವಳೇ ಮುಂದಾಳು. ಹಸಿ ಕಸದಲ್ಲಿ ಒಂದು ಪ್ಲಾಸ್ಟಿಕ್ ಚೂರು ಕಂಡರೂ ಯಾವ ಮನೆಯದೆಂದು ಪತ್ತೆ ಮಾಡಿ ಬಾಗಿಲು ತಟ್ಟುತ್ತಾಳೆ. ಹತ್ತು ತಿಂಗಳ ಹಿಂದೆ ನಮ್ಮ ಮೈದುನನ ಗೃಹಪ್ರವೇಶದಲ್ಲಿ, ಊಟಕ್ಕೆ ಕೂತ ನೆಂಟರ ಎದುರಿಗೆ, ‘ನಾವಿಲ್ಲಿ ಕಸ ಆರಿಸೋದು, ಅತ್ತಿಗೆ ಅಲ್ಲಿ ಟನ್‌ಗಟ್ಟಲೆ ಮಾಡೋದು’ ಎಂದುಬಿಟ್ಟಳು. ‘ನಿನ್ನ ಮನೆ ವಾಷಿಂಗ್ ಮಷೀನು ಬಾಳೆ ನಾರಲ್ಲಿ ಕಟ್ಟಿಸ್ಕೊಂಡು ಬಂತೇನೇ?’ ಎಂದು ನಾನೂ ಬಿಡಲಿಲ್ಲ. ಎಲ್ಲರೂ ನಕ್ಕರು. ಅಂದಿನಿಂದ ನಮ್ಮಿಬ್ಬರ ನಡುವೆ ಮಾತು ನಿಂತಿತು. ಮೂವತ್ತು ವರ್ಷ ಒಂದೇ ತಾಯಿಯ ಮಕ್ಕಳಂತೆ ಇದ್ದವರು, ಹಬ್ಬಕ್ಕೆ ಫೋನಿನಲ್ಲಿ ಹೂವಿನ ಚಿತ್ರ ಕಳಿಸಿ ಸುಮ್ಮನಾಗುವಷ್ಟಕ್ಕೆ ಬಂದಿದ್ದೆವು.

ಆಮೇಲೊಂದು ದಿನ ಅವಳೇ ಫೋನು ಮಾಡಿದಳು. ‘ಶ್ರೀಲಂಕಾ ಬರ್ತೀರಾ? ನನ್ ಫ್ರೆಂಡ್ ಬರಕ್ಕಾಗ್ತಿಲ್ವಂತೆ, ಒಂದ್ ಸೀಟ್ ಇದೆ. ಕಡಲಾಮೆ ನೋಡ್ಬೇಕು ನಾನು.’ ನನಗೆ ಆಮೆಯ ಮೇಲೆ ಅಂಥ ಮೋಹವೇನಿರಲಿಲ್ಲ. ನಾದಿನಿಯ ಜೊತೆ ಮಾತು ಸರಿಹೋಗಬೇಕಿತ್ತು. ವಿಮಾನ ಹತ್ತಿದ್ದು ಅದಕ್ಕೇ.

ಕೊಲಂಬೊ

ಬೆಂಗಳೂರಿನಿಂದ ಕೊಲಂಬೊಗೆ ಹಾರುವ ಹೊತ್ತಿಗಿಂತ ಪೀಣ್ಯದಿಂದ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಬರುವ ಹೊತ್ತೇ ಹೆಚ್ಚಾಯಿತು. ವಿದೇಶ ಎಂದು ಮೈ ಬಿಗಿಹಿಡಿದುಕೊಂಡು ಇಳಿದರೆ ಹೊರಗೆ ತೆಂಗಿನ ಮರ, ಆಟೋ, ಹೆಗಲಿಗೆ ಮಗು ಹಾಕಿಕೊಂಡ ಅಜ್ಜಂದಿರು. ‘ಇದಕ್ಕೆ ಪಾಸ್‌ಪೋರ್ಟ್ ಬೇರೆ ಬೇಕಿತ್ತಾ?’ ಎಂದೆ. ಶೋಭಾ ತುಟಿಯಂಚಿನಲ್ಲಿ ನಕ್ಕಳು. ಹತ್ತು ತಿಂಗಳಲ್ಲಿ ಮೊದಲ ನಗು. ಅದನ್ನು ನಾನು ಜೋಪಾನವಾಗಿ ಎತ್ತಿಟ್ಟುಕೊಂಡೆ.

ಅದಕ್ಕೂ ಮೊದಲು ಒಂದು ರಾದ್ಧಾಂತ ನಡೆದಿತ್ತು. ನಾಗಮ್ಮನ ಬಿಗಿತ ನೋಡಿ ಕೊಲಂಬೊದ ಕಸ್ಟಮ್ಸ್ ಅಧಿಕಾರಿಗೆ ಅನುಮಾನ ಬಂದು, ಬ್ಯಾಗು ಬಿಚ್ಚಿ ತೋರಿಸಿ ಎಂದರು. ಒಬ್ಬ ಕತ್ತರಿ ತಂದ. ‘ನೋ ನೋ’ ಎಂದು ಅವನ ಕೈ ತಡೆದು, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಬ್ಯಾಗಿನ ಮೇಲೆ ಮೊಣಕಾಲೂರಿ, ನಾಲ್ಕೂ ರಿಂಗುಗಳನ್ನು ಒಂದೊಂದಾಗಿ ಇಡಿಯಾಗಿ ಜಾರಿಸಿ ತೆಗೆದೆ. ಸಾಲಿನಲ್ಲಿ ನಿಂತವರೆಲ್ಲ ದೊಂಬರಾಟ ನೋಡಿದಂತೆ ನೋಡಿದರು. ಬ್ಯಾಗಿನೊಳಗೆ ಇದ್ದದ್ದು ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ವಿಭೂತಿ ಗಟ್ಟಿ. ಬಿಳಿಯ ಗಟ್ಟಿಯನ್ನು ಅಧಿಕಾರಿ ಮೂಸಿ ನೋಡಿದರು. ಶೋಭಾ ತನ್ನ ಹಣೆ ತೋರಿಸಿದಳು. ಅವರು ಕೈಮುಗಿದು ಬಿಟ್ಟುಬಿಟ್ಟರು. ನಾಲ್ಕು ರಿಂಗುಗಳನ್ನೂ ಮಡಚಿ ಕೈಚೀಲಕ್ಕೆ ತುರುಕಿಕೊಂಡು ಗೆದ್ದವಳಂತೆ ಹೊರಗೆ ಬಂದೆ.

ನಮಗಾಗಿ ಕಾಯುತ್ತಿದ್ದ ಕಾರಿನ ಡ್ರೈವರ್ ನಿಮಲ್. ಐವತ್ತರ ಆಸುಪಾಸಿನ ಸಣಕಲು ಮನುಷ್ಯ. ಅವನ ಮಾತು ಸಿಂಹಳ, ಆದರೆ ತಮಿಳು ಬರುತ್ತಿತ್ತು. ನನ್ನದು ಪೀಣ್ಯದ ತಮಿಳು. ಮಷೀನು ನಿಲ್ಲಿಸು, ಮಷೀನು ಓಡಿಸು, ಊಟ ಆಯಿತಾ, ಇಷ್ಟಕ್ಕೆ ಸಾಲುವಂಥದ್ದು. ಅದರಲ್ಲೇ ಐದು ದಿನ ಸಂಸಾರ ಸಾಗಿತು. ಅವರ ಭಾಷೆಯಲ್ಲೂ ಅಕ್ಕನಿಗೆ ಅಕ್ಕ ಎಂದೇ ಹೇಳುತ್ತಾರೆಂದು ತಿಳಿದ ಮೇಲಂತೂ ನಿಮಲ್ ನನಗೆ ಮನೆಯವನೇ ಆಗಿಬಿಟ್ಟ.

ಗಾಲೆಯ ದಾರಿ

ಮರುದಿನ ಕಡಲಂಚು ಹಿಡಿದು ದಕ್ಷಿಣಕ್ಕೆ ಹೊರಟೆವು. ದಾರಿಯಲ್ಲಿ ಒಂದೂರಿನಲ್ಲಿ ಎಳನೀರು ಕುಡಿಯಲೆಂದು ರಸ್ತೆ ದಾಟಬೇಕಾಯಿತು. ಝೀಬ್ರಾ ಪಟ್ಟಿಯ ಮುಂದೆ ನಿಂತೆವು. ಬಸ್ಸು ನಿಂತಿತು. ಹಿಂದೆ ಲಾರಿ ನಿಂತಿತು. ಆಚೆ ಬದಿಯಲ್ಲೂ ನಿಂತವು. ನಾವೂ ನಿಂತೇ ಇದ್ದೆವು, ಅವು ಹೋಗಲಿ ಎಂದು. ಅವು ನಾವು ಹೋಗಲಿ ಎಂದು. ತುಮಕೂರು ರಸ್ತೆ ದಾಟಿ ಬದುಕಿದವರಿಗೆ ವಾಹನ ತಾನಾಗಿ ನಿಂತಿತೆಂದರೆ ನಂಬಿಕೆ ಬರುವುದು ಹೇಗೆ? ಏನೋ ಹೊಂಚು ಹಾಕಿದೆ ಎಂದೇ ಅನ್ನಿಸುತ್ತದೆ. ಕೊನೆಗೆ ಬಸ್ಸಿನ ಡ್ರೈವರ್ ಕಿಟಕಿಯಿಂದ ತಲೆ ಹಾಕಿ, ಸಿಂಹಳದಲ್ಲಿ ಏನೋ ಮೃದುವಾಗಿ ಹೇಳಿ ಕೈ ಬೀಸಿದ. ಇಬ್ಬರೂ ಕೈ ಕೈ ಹಿಡಿದುಕೊಂಡು ಓಡಿದೆವು. ಆಚೆ ದಡ ಸೇರಿದ ಮೇಲೆ ನೋಡಿದರೆ ಶೋಭಾಳ ಕೈ ಇನ್ನೂ ನನ್ನ ಕೈಯಲ್ಲೇ ಇತ್ತು. ಇಬ್ಬರೂ ಗಮನಿಸಿ, ಗಮನಿಸದವರಂತೆ ಬಿಟ್ಟೆವು.

ಮಧ್ಯಾಹ್ನ ರಸ್ತೆಬದಿಯ ಗೂಡಂಗಡಿಯೊಂದರ ಊಟದಲ್ಲಿ ಎಡವಟ್ಟಾಯಿತು. ಅನ್ನದ ಜೊತೆ ಕೆಂಪಗೆ ತೆಂಗಿನಕಾಯಿ ಚಟ್ನಿ ಕೊಟ್ಟಿದ್ದರು. ಶೋಭಾ ಮೂರು ಸಲ ಹಾಕಿಸಿಕೊಂಡಳು. ‘ನಮ್ ಕಡೆ ಕೆಂಪ್ ಚಟ್ನೀನೇ, ಅಲ್ವಾ ಅತ್ತಿಗೆ? ಆದ್ರೆ ಏನೋ ಒಂದು ಘಮ ಜಾಸ್ತಿ ಇದೆ’ ಎಂದು ಬಾಯಿ ಚಪ್ಪರಿಸಿದಳು. ನಿಮಲ್‌ನನ್ನು ಕೇಳಿದೆ. ಒಣಗಿಸಿದ ಮೀನಿನ ಪುಡಿ ಎಂದ. ಅವರ ಲೆಕ್ಕದಲ್ಲಿ ಅದು ಮೀನಲ್ಲ, ಒಗ್ಗರಣೆ. ನನ್ನ ಎಲೆಯಲ್ಲಿ ರೊಟ್ಟಿ, ಶೇಂಗಾ ಪುಡಿ ಇದ್ದವು, ಹಾಗಾಗಿ ನಾನು ಪಾರಾಗಿದ್ದೆ. ಶೋಭಾ ಎದ್ದು ಹೋಗಿ ಹತ್ತು ಸಲ ಬಾಯಿ ಮುಕ್ಕಳಿಸಿ ಬಂದಳು. ಹೂಡಿಯಲ್ಲಿ ಊರ ಕಸವನ್ನೆಲ್ಲ ಬೇರ್ಪಡಿಸುವವಳಿಗೆ ಚಟ್ನಿಯೊಳಗಿನ ಮೀನು ತಿಳಿಯಲಿಲ್ಲವೇ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಆ ನುಂಗಿದ್ದಕ್ಕೆ ನನಗೆ ನಾನೇ ಶಭಾಸ್ ಅಂದುಕೊಂಡೆ. ಗೂಡಂಗಡಿಯ ಹೆಂಗಸು ಮಾತ್ರ ತಪ್ಪು ತನ್ನದೇ ಎಂಬಂತೆ ಪೇಚಾಡಿ, ಶೋಭಾಳಿಗೆ ಎರಡು ಬಾಳೆಹಣ್ಣು ಸುಲಿದು ಕೈಗಿಟ್ಟಳು.

ಕಡಲ ಮುಂದಿನ ಮನೆ

ಗಾಲೆ ದಾಟಿ ಒಂದು ಸಣ್ಣ ಊರಿನಲ್ಲಿ ನಾವು ಉಳಿದುಕೊಂಡ ಮನೆಯ ಮೆಟ್ಟಿಲು ಇಳಿದರೆ ಮರಳು. ಮರಳು ದಾಟಿದರೆ ನೀರು. ಮಹಡಿಯ ಮೇಲಿನ ನಮ್ಮ ಕೋಣೆಗೆ ಕಡಲ ಕಡೆ ಮುಖ ಮಾಡಿದ ಬಾಲ್ಕನಿ ಇತ್ತು, ಆದರೆ ಒದ್ದೆ ಬಟ್ಟೆ ಹಾಕಲು ಹಗ್ಗವಿರಲಿಲ್ಲ. ನನಗೆ ಇಂಥ ಸಂದರ್ಭವೆಂದರೆ ಹಬ್ಬ. ಕೈಚೀಲದಿಂದ ನಾಲ್ಕು ರಿಂಗು ತೆಗೆದು ಗೋಡೆಯ ಕೊಕ್ಕೆಗಳಿಗೆ ಇಳಿಬಿಟ್ಟೆ. ಒಂದರಲ್ಲಿ ಟವೆಲು, ಒಂದರಲ್ಲಿ ನನ್ನ ಸೀರೆ, ಉಳಿದೆರಡು ಶೋಭಾಳಿಗೆ.

‘ನೋಡಿದ್ಯಾ? ಕತ್ತರಿಸಿದ್ರೆ ಕಸ, ಬಿಡಿಸಿಟ್ರೆ ಸಾಮಾನು’ ಎಂದೆ.

ಅವಳು ತನ್ನ ಚೂಡಿದಾರದ ವೇಲು ತಂದು ಒಂದು ರಿಂಗಿಗೆ ಹಾಕಿದಳು. ಅದನ್ನು ನಾನು ರಾಜಿ ಎಂದೇ ತಿಳಿದೆ. ಮಾರನೆಯ ಬೆಳಿಗ್ಗೆ ಬಟ್ಟೆ ಒಣಗಿದ್ದವು. ತೆಗೆದು ಮಡಚಿ ಒಳಗಿಟ್ಟೆವು. ರಿಂಗುಗಳನ್ನು ಕೊಕ್ಕೆಯಲ್ಲೇ ಬಿಟ್ಟು ಆಮೆಗಳ ಆಸ್ಪತ್ರೆಗೆ ಹೊರಟೆವು.

ಆಮೆಗಳ ಆಸ್ಪತ್ರೆ

ಆಸ್ಪತ್ರೆ ಎಂದರೆ ತಗಡಿನ ಚಾವಣಿ, ಅದರ ಕೆಳಗೆ ಸಾಲಾಗಿ ಸಿಮೆಂಟಿನ ತೊಟ್ಟಿಗಳು. ನಮ್ಮ ಶೆಡ್ಡಿಗಿಂತ ಸ್ವಲ್ಪ ಚಿಕ್ಕದು. ನೋಡಿಕೊಳ್ಳುವವಳು ಕುಸುಮ್ ಎಂಬ ಹೆಂಗಸು. ನನಗಿಂತ ಒಂದೆರಡು ವರ್ಷ ಚಿಕ್ಕವಳಿರಬೇಕು. ಮೊಣಕಾಲಿನವರೆಗೆ ರಬ್ಬರ್ ಬೂಟು, ಕಿವಿಯಲ್ಲಿ ಚಿಕ್ಕ ಓಲೆ. ವಾರಕ್ಕೆ ಎರಡು ಸಲ ಡಾಕ್ಟರ್ ಬರುತ್ತಾರೆ, ಉಳಿದ ದಿನ ಇವಳೇ ಎಲ್ಲ. ಅವಳು ಸಿಂಹಳದಲ್ಲಿ ಹೇಳಿದ್ದನ್ನು ನಿಮಲ್ ತಮಿಳು ಮಾಡಿ, ಅದನ್ನು ನಾನು ಕನ್ನಡ ಮಾಡಿ ಶೋಭಾಳಿಗೆ ಕೊಡುತ್ತಿದ್ದೆ.

ಮೊದಲ ತೊಟ್ಟಿಯ ಆಮೆ ನೀರಿನ ಮೇಲೆ ತೇಲುತ್ತಿತ್ತು. ಮುಳುಗಲು ಕೈ ಬಡಿದರೂ ಹಿಂಭಾಗ ಮೇಲೇ ಎದ್ದು ನಿಲ್ಲುತ್ತಿತ್ತು. ಹೊಟ್ಟೆಗೆ ಪ್ಲಾಸ್ಟಿಕ್ ಚೀಲ ಹೋಗಿದೆ, ಕರುಳು ಕಟ್ಟಿ ಗಾಳಿ ತುಂಬಿದೆ ಎಂದಳು ಕುಸುಮ್. ಮುಳುಗಲಾರದ ಆಮೆ ಉಣ್ಣಲಾರದಂತೆ. ಅವಳು ದಿನಾ ಕೈಯಿಂದ ತಿನ್ನಿಸುತ್ತಾಳೆ. ಹಾಗೆ ಹೇಳುತ್ತಲೇ ಅದರ ಬೆನ್ನ ಮೇಲೆ ನೀರು ಹನಿಸಿದಳು, ಜ್ವರ ಬಂದ ಮಗುವಿನ ಹಣೆ ಮುಟ್ಟುವ ಹಾಗೆ.

ಕೊನೆಯ ತೊಟ್ಟಿಯದು ನಾಲ್ಕು ದಿನದ ಹಿಂದೆ ಬಂದದ್ದು. ನೀರಿಲ್ಲದ ತೊಟ್ಟಿಯಲ್ಲಿ ಒದ್ದೆ ಬಟ್ಟೆಯ ಮೇಲೆ ಮಲಗಿಸಿದ್ದರು. ಬೂದು ಹಸಿರಿನ ದೊಡ್ಡ ಹೆಣ್ಣಾಮೆ. ಕುತ್ತಿಗೆಯ ಪಕ್ಕದಿಂದ ಬಲಗೈಯ ಬುಡದ ಸುತ್ತ ಆಳವಾದ ಗೆರೆ ಕೊರೆದಿತ್ತು. ಮಾಂಸ ಎರಡಾಗಿ ಬಿರಿದಿತ್ತು. ಆ ಕೈ ಮೊರದಷ್ಟು ಊದಿ ಕಪ್ಪಾಗಿತ್ತು. ಕಣ್ಣಿನಿಂದ ನೀರು ಒಂದೇ ಸಮನೆ ಇಳಿಯುತ್ತಿತ್ತು.

‘ಅಳ್ತಿದೆ ಅತ್ತಿಗೆ’ ಎಂದಳು ಶೋಭಾ. ಅವಳೂ ಅಳುತ್ತಿದ್ದಳು.

ಅದು ಅಳುವಲ್ಲವಂತೆ. ಮೈಯೊಳಗಿನ ಉಪ್ಪನ್ನು ಕಡಲಾಮೆಗಳು ಕಣ್ಣಿನಿಂದ ಹೊರಹಾಕುತ್ತವೆಯಂತೆ. ಆರೋಗ್ಯವಾಗಿದ್ದರೂ ಹಾಗೇ. ಕುಸುಮ್ ಇದನ್ನು ಹೇಳಿದ್ದು ನಮ್ಮನ್ನು ಸಮಾಧಾನ ಮಾಡಲಿಕ್ಕಿರಬೇಕು. ಆದರೆ ನೋವು ಹೇಳಿಕೊಳ್ಳಲು ಅದಕ್ಕೆ ಕಣ್ಣೀರೂ ಇಲ್ಲವಲ್ಲ ಎಂದು ನನಗೆ ಇನ್ನಷ್ಟು ಸಂಕಟವಾಯಿತು.

‘ಯಾವುದರಿಂದ ಹೀಗಾಯಿತು?’ ಎಂದು ಕೇಳಿದೆ.

ಕುಸುಮ್ ಮೂಲೆಯ ಡ್ರಮ್ಮಿನ ಹತ್ತಿರ ಹೋದಳು. ಆಮೆಗಳ ಮೈಯಿಂದ, ಹೊಟ್ಟೆಯಿಂದ ತೆಗೆದದ್ದನ್ನೆಲ್ಲ ಅದರಲ್ಲಿ ಕೂಡಿಟ್ಟಿದ್ದಾಳೆ. ಬಲೆಯ ಚೂರು, ಹಗ್ಗ, ಹಲ್ಲುಜ್ಜುವ ಬ್ರಷ್ಷು, ಬಣ್ಣ ಹೋದ ಚೀಲಗಳು. ಮೇಲಿನದನ್ನೇ ಎತ್ತಿ ನನ್ನ ಕೈಗೆ ಕೊಟ್ಟಳು.

ನೋಡುವುದಕ್ಕೆ ಮೊದಲೇ ಕೈಗೆ ಗೊತ್ತಾಯಿತು. ಹನ್ನೆರಡು ಮಿಲಿಮೀಟರ್ ಅಗಲ, ನಮ್ಮ ಪಟ್ಟಿಯದೇ ಅಳತೆ. ಒಂದು ಕಾಲಕ್ಕೆ ಹಳದಿ.

ಬೆಳಕಿಗೆ ಹೋಗಿ, ಕನ್ನಡಕ ಹಾಕಿಕೊಂಡು, ಹೆಬ್ಬೆರಳಿನ ಉಗುರನ್ನು ಚೌಕಳಿಯ ಮೇಲೆ ಎಳೆಯುತ್ತ ಹೋದೆ. ಒಂದು ಗೇಣು. ಒಂದೂವರೆ. ಎರಡು. ಎಲ್ಲೂ ನುಣುಪಿಲ್ಲ. ತಿರುಗಿಸಿ ಮತ್ತೆ ಮೊದಲಿಂದ ಎಳೆದೆ. ಶೋಭಾಳಿಗೆ ನಾನು ಏನು ಹುಡುಕುತ್ತಿದ್ದೇನೆಂದು ಅರ್ಥವಾಗಿತ್ತು. ರೋಲಿನ ಪೆಟ್ಟಿನ ಕಥೆಯನ್ನು ನಮ್ಮ ಮನೆಯಲ್ಲಿ ಕೇಳದವರಿಲ್ಲ.

‘ನಮ್ದಲ್ಲ!’ ಎಂದು ಕೂಗಿಯೇಬಿಟ್ಟೆ. ‘ಶೋಭಾ, ನಮ್ದಲ್ಲ ಕಣೇ! ಬೇರೆ ಯಾರ್ದೋ!’

ನಾನು ನಗುತ್ತಿದ್ದೆ. ಇಂದು ನೆನೆದರೆ ಮುಖ ಮುಚ್ಚಿಕೊಳ್ಳುವ ಹಾಗಾಗುತ್ತದೆ. ಆ ಆಮೆಯ ಮುಂದೆ ನಿಂತು ಹಲ್ಲು ಬಿಟ್ಟು ನಗುತ್ತಿದ್ದೆ.

ಕುಸುಮ್‌ಗೆ ಅದೇನೆಂದು ತಿಳಿಯಲಿಲ್ಲ. ನಿಮಲ್ ವಿವರಿಸಿದ. ಅಕ್ಕನ ಕಾರ್ಖಾನೆಯೂ ಇಂಥದ್ದನ್ನೇ ಮಾಡುತ್ತದೆ, ಇದು ಅವರದಲ್ಲವಂತೆ ಎಂದು. ಅವಳು ನನ್ನನ್ನು ಸ್ವಲ್ಪ ಹೊತ್ತು ನೋಡಿದಳು. ಸಿಟ್ಟಿರಲಿಲ್ಲ. ಪಟ್ಟಿಯನ್ನು ನನ್ನ ಕೈಯಿಂದ ಮೆಲ್ಲನೆ ತೆಗೆದುಕೊಂಡು ಎರಡು ಜಾಗ ತೋರಿಸಿದಳು. ಒಂದು, ಅವಳೇ ಆಮೆಯ ಮೈಯಿಂದ ಬಿಡಿಸುವಾಗ ಕತ್ತರಿಸಿದ್ದು. ಇನ್ನೊಂದು, ತುದಿಗಳನ್ನು ಬಿಸಿಮಾಡಿ ಅಂಟಿಸಿದ ಜಾಗ. ಅದು ಹಾಗೇ ಗಟ್ಟಿಯಾಗಿತ್ತು.

‘ಯಾರ ಕಾರ್ಖಾನೆಯದೋ ಆಮೆಗೆ ಗೊತ್ತಾಗುವುದಿಲ್ಲ’ ಎಂದಳಂತೆ. ನಿಮಲ್ ನೆಲ ನೋಡುತ್ತ ತಮಿಳು ಮಾಡಿದ. ‘ಬಿಚ್ಚಿದವರು ಒಂದು ಸಲ ಕತ್ತರಿ ಹಾಕಿದ್ದರೆ ಇದು ಬರೀ ಉದ್ದನೆ ಪಟ್ಟಿ. ಯಾರೋ ಕತ್ತರಿಸದೆ ಇಡಿಯಾಗಿ ತೆಗೆದಿದ್ದಾರೆ. ಅದರೊಳಗೆ ಇವಳು ತಲೆ ಹಾಕಿದ್ದಾಳೆ. ಮೈ ಬೆಳೆಯಿತು, ಪಟ್ಟಿ ಬೆಳೆಯಲಿಲ್ಲ.’

ಈ ಮಾತನ್ನು ನಾನು ಶೋಭಾಳಿಗೆ ಕನ್ನಡ ಮಾಡಬೇಕಿತ್ತು. ಆಗ ಮಾಡಲಿಲ್ಲ. ಮೊಣಕಾಲು ಕೊಟ್ಟು, ಹೆಬ್ಬೆರಳಿನಿಂದ ಜಾರಿಸಿ, ಇಡಿಯಾಗಿ. ಇಪ್ಪತ್ತೆರಡು ವರ್ಷ ಎಷ್ಟು ಜನರಿಗೆ ಕಲಿಸಿದ್ದೇನೋ. ಅವರು ಅವರ ಮನೆಗೆ, ಅವರ ಊರಿಗೆ ಎಷ್ಟು ಒಯ್ದರೋ. ಮೊಳೆಯಿಂದ ಮಾಯವಾದ ರಿಂಗುಗಳು ಎಲ್ಲಿ ಹೋದವೆಂದು ನಾನು ಒಮ್ಮೆಯೂ ಕೇಳಿದವಳಲ್ಲ.

‘ಆ ಕೈ ಉಳಿಯುತ್ತಾ?’ ಎಂದು ಶೋಭಾ ಇಂಗ್ಲಿಷಿನಲ್ಲಿ ಕೇಳಿದಳು. ನಾಳೆ ಡಾಕ್ಟರ್ ಬರುತ್ತಾರೆ, ಬಹುಶಃ ತೆಗೆಯಬೇಕಾಗುತ್ತದೆ, ಜೀವ ಉಳಿದರೆ ಮೂರರಲ್ಲೇ ಈಜುತ್ತದೆ ಎಂದಳು ಕುಸುಮ್.

ಆಗ ನನಗೆ ಬಾಲ್ಕನಿಯ ಕೊಕ್ಕೆಗಳು ನೆನಪಾದವು.

ಮರಳು

ನಿಮಲ್‌ನನ್ನು ಅವಸರಪಡಿಸಿ ವಾಪಸು ಬಂದೆವು. ಕುಸುಮ್ ಹೇಳಿದ್ದನ್ನು ಶೋಭಾಳಿಗೆ ಕಾರಿನಲ್ಲೇ ಹೇಳಿದೆ. ಮೆಟ್ಟಿಲನ್ನು ಎರಡೆರಡಾಗಿ ಹತ್ತಿದೆ. ಕಡಲ ಗಾಳಿ ಬಾಗಿಲನ್ನು ದಬದಬನೆ ಬಡಿಯುತ್ತಿತ್ತು. ಕೊಕ್ಕೆಯಲ್ಲಿ ಒಂದು ರಿಂಗು. ಬಾಲ್ಕನಿಯ ನೆಲದ ಮೇಲೆ ಒಂದು. ಕೆಳಗೆ ಬೇಲಿಯ ಗಿಡಕ್ಕೆ ಸಿಕ್ಕಿ ಒಂದು ಅಲ್ಲಾಡುತ್ತಿತ್ತು.

ನಾಲ್ಕನೆಯದು ಇರಲಿಲ್ಲ.

ಮನೆಯೊಡತಿಯನ್ನು ಕೇಳಿದೆ. ಗುಡಿಸುವವಳು ಇವತ್ತು ಬಂದೇ ಇಲ್ಲ, ಗಾಳಿಯೇ ಒಯ್ದಿರಬೇಕು ಎಂದರು. ಚಪ್ಪಲಿ ಬಿಟ್ಟು ಮರಳಿಗಿಳಿದೆ. ಶೋಭಾ ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ ಎಂದು ಕಾದೆ. ಹೇಳಲು ಅವಳಿಗೆ ಏನು ಕಡಿಮೆಯಿತ್ತು? ಗೃಹಪ್ರವೇಶದ ದಿನ ಅರ್ಧಕ್ಕೆ ನಿಂತ ಮಾತನ್ನು ಇಲ್ಲಿ ಪೂರ್ತಿ ಮಾಡಬಹುದಿತ್ತು. ಅವಳು ಪ್ಯಾಂಟನ್ನು ಮಂಡಿಯವರೆಗೆ ಮಡಚಿ, ‘ನೀವು ಆ ಕಡೆ ಹೋಗಿ ಅತ್ತಿಗೆ, ನಾನು ಬಂಡೆ ಕಡೆ ನೋಡ್ತೀನಿ’ ಎಂದು ಹೊರಟಳು.

ಹುಡುಕಲು ಶುರು ಮಾಡಿದ ಮೇಲೆ ಕಡಲಂಚು ಬೇರೆಯದೇ ಆಗಿ ಕಂಡಿತು. ನಿನ್ನೆ ಬೆಳ್ಳಗೆ ಚೆಂದ ಕಂಡಿದ್ದ ಮರಳಿನಲ್ಲಿ ಬಾಟಲಿ ಮುಚ್ಚಳ, ಒಂಟಿ ಚಪ್ಪಲಿ, ಹಗ್ಗ, ಶಾಂಪೂ ಪೊಟ್ಟಣ. ಹಳದಿ ಕಂಡಲ್ಲೆಲ್ಲ ಓಡಿದೆ. ಒಮ್ಮೆ ಹಳದಿ ಹೂವು, ಒಮ್ಮೆ ಬಾಳೆಹಣ್ಣಿನ ಸಿಪ್ಪೆ. ಮೀನು ಒಣಗಿಸುತ್ತಿದ್ದ ಮುದುಕಿಯೊಬ್ಬಳು ನಮ್ಮ ಪಾಡು ನೋಡಿ ನಿಮಲ್‌ನನ್ನು ಏನೋ ಕೇಳಿದಳು. ಅವನು ಹೇಳಿದ. ಒಂದೇ ಒಂದು ಪಟ್ಟಿಗೋಸ್ಕರವೇ ಎಂದು ಅವಳಿಗೆ ನಗು ಬಂತು. ಆಮೇಲೆ ಕೈ ಒರೆಸಿಕೊಂಡು ಅವಳೂ ಹುಡುಕಲು ಬಂದಳು. ಎಲ್ಲಿಂದಲೋ ಬಂದ ಇಬ್ಬರು ಹೆಂಗಸರು ಕಳಕೊಂಡದ್ದನ್ನು ಹುಡುಕಿಕೊಡುವುದು ತನ್ನ ಕರ್ತವ್ಯ ಎನ್ನುವ ಹಾಗೆ.

ಬಂಡೆಗಳ ಸಂದಿಯಿಂದ ಶೋಭಾ ಕೂಗಿದಳು. ಅವಳ ಕೈಯಲ್ಲಿ ಒಂದು ರಿಂಗು ಇತ್ತು. ಓಡಿಹೋಗಿ ಉಗುರು ಎಳೆದೆ. ನಮ್ಮದಲ್ಲ, ಹಸಿರು, ಪಾಚಿ ಹಿಡಿದ ಹಳೆಯದು. ಈ ಸಲ ನನಗೆ ನಗು ಬರಲಿಲ್ಲ. ಶೋಭಾ ಚೀಲದಿಂದ ಪುಟ್ಟ ಕತ್ತರಿ ತೆಗೆದು, ಗಟ್ಟಿ ಪಟ್ಟಿಯನ್ನು ಸವೆಸಿ ಸವೆಸಿ ಕತ್ತರಿಸಿದಳು. ಬೆರಳು ಕೆಂಪಾಗಿತ್ತು. ನನ್ನ ಬಳಿ ಉಳಿದ ಮೂರನ್ನೂ ಮುಂದೆ ಹಿಡಿದೆ. ಒಂದೊಂದಾಗಿ ಅವನ್ನೂ ಕತ್ತರಿಸಿದಳು.

ಸೂರ್ಯ ನೀರಿಗಿಳಿಯುವವರೆಗೆ ಹುಡುಕಿದೆವು. ಸಿಗಲಿಲ್ಲ. ಅಲೆ ಬಂದು ಹೋಗುವ ಜಾಗದಲ್ಲಿ ಕೂತುಬಿಟ್ಟೆ. ಸೀರೆ ಮಂಡಿಯವರೆಗೆ ಒದ್ದೆಯಾಗಿತ್ತು. ಅತ್ತುಬಿಟ್ಟೆ, ಐವತ್ತೆಂಟು ವರ್ಷದ ಹೆಂಗಸು, ಊರೆಲ್ಲ ನೋಡುವ ಹಾಗೆ.

ಶೋಭಾ ಪಕ್ಕದಲ್ಲಿ ಕೂತಳು. ‘ಅವತ್ತು ಗೃಹಪ್ರವೇಶದಲ್ಲಿ ನಾನು ಹಾಗನ್ನಬಾರದಿತ್ತು’ ಎಂದಳು.

‘ಸುಳ್ಳೇನೂ ಹೇಳ್ಲಿಲ್ವಲ್ಲ ನೀನು.’

‘ಸುಳ್ಳಲ್ಲ. ಆದ್ರೂ ಎಲ್ಲರೆದುರಿಗೆ ಅನ್ನಬಾರದಿತ್ತು. ಆಮೇಲೆ ಹೊಸ ಫ್ರಿಜ್ ಬಂತು ಅತ್ತಿಗೆ ನಮ್ಮನೆಗೆ. ಪಟ್ಟಿ ನೋಡಿ ನೀವೇ ನೆನಪಾದ್ರಿ. ಫೋನ್ ಮಾಡಣ ಅಂತ ಕೈಗೆತ್ಕೊಂಡು ಇಟ್ಬಿಟ್ಟೆ.’

‘ಆ ಪಟ್ಟಿ ಏನ್ ಮಾಡ್ದೆ?’

‘ಇಡಿಯಾಗಿ ಬಿಡಿಸಿ ಒಣಕಸಕ್ಕೆ ಹಾಕ್ದೆ. ನೀವೇ ಹೇಳಿಕೊಟ್ಟಿದ್ದು.’

ಅವಳ ಕೈ ನನ್ನ ಕೈಯಲ್ಲಿತ್ತು. ಈ ಸಲ ಬಿಡಿಸಿಕೊಳ್ಳಲಿಲ್ಲ.

ಮರುದಿನ ಹೊರಡುವ ಮುಂಚೆ ಮತ್ತೆ ಆಸ್ಪತ್ರೆಗೆ ಹೋದೆವು. ಡಾಕ್ಟರ್ ಒಳಗಿದ್ದರು, ಆಮೆಯ ಕೈ ತೆಗೆಯುತ್ತಿದ್ದರು. ಕುಸುಮ್ ಬಾಗಿಲಿಗೆ ಬಂದಳು. ಕತ್ತರಿಸಿದ ಪಟ್ಟಿಯಿಂದ ಎರಡು ಗೇಣು ಉದ್ದದ ತುಂಡು ಅವಳ ಕೈಗಿಟ್ಟೆ. ನುಣುಪಾದ ಜಾಗದ ಮೇಲೆ ಅವಳ ಬೆರಳನ್ನೇ ಹಿಡಿದು ಆಡಿಸಿದೆ. ‘ಇದು ನಮ್ಮ ಗುರುತು. ಹೀಗಿರುವುದು ಯಾವುದಾದರೂ ಆಮೆಯ ಮೈಮೇಲೆ ಬಂದರೆ ನನಗೆ ಹೇಳಬೇಕು’ ಎಂದೆ. ನಿಮಲ್ ಹೇಳಿದ. ಅವಳು ತಲೆಯಾಡಿಸಿ, ಆ ತುಂಡನ್ನು ಔಷಧಿಯ ಬೀರುವಿನ ಪಕ್ಕದ ಮೊಳೆಗೆ ಸಿಕ್ಕಿಸಿದಳು. ಬರುವಾಗ ನನ್ನ ಕೆನ್ನೆ ಸವರಿ ‘ಅಕ್ಕ’ ಎಂದಳು. ಅದನ್ನು ಯಾರೂ ಭಾಷಾಂತರ ಮಾಡಬೇಕಾಗಲಿಲ್ಲ.

ಮತ್ತೆ ಪೀಣ್ಯ

ಕಾರ್ಖಾನೆ ಮುಚ್ಚಿದಿರಾ ಎಂದು ನೀವು ಕೇಳಬಹುದು. ಮುಚ್ಚಿಲ್ಲ. ಹದಿನಾಲ್ಕು ಮನೆಗಳ ಒಲೆ ಅದರಿಂದ ಉರಿಯುತ್ತದೆ, ನನ್ನದೂ ಸೇರಿ. ಆದರೆ ಬಂದ ದಿನವೇ ಗೋಡೆಯ ಮೊಳೆಗಳ ಮುಂದೆ ಕತ್ತರಿ ಹಿಡಿದು ನಿಂತೆ. ನಾಗಮ್ಮ ಓಡಿಬಂದಳು.

‘ಅಯ್ಯ, ಚೊಲೊ ರಿಂಗ್ ಅದಾವಲ್ರಿ ಅಕ್ಕಾರ! ಯಾಕ್ ಕತ್ತರಸ್ತೀರಿ? ನೀವ ಹೇಳಿದ್ರಿ ಕತ್ತರಸಬ್ಯಾಡ ಅಂತ.’

‘ನಾನೇ ಹೇಳಿದ್ದು. ನಂದೇ ತಪ್ಪು’ ಎಂದು ಎಲ್ಲ ಹೇಳಿದೆ. ಊದಿದ ಕೈ, ಬಾಲ್ಕನಿ, ಗಾಳಿ. ಅವಳು ಕೆಲಸ ನಿಲ್ಲಿಸಿ ಕೇಳಿದಳು.

‘ನಾ ಕಟ್ಟಿದ್ದ ಏನ್ರಿ ಅದು?’ ಎಂದಳು ಕೊನೆಗೆ.

‘ನೀನು ಕಟ್ಟಿದ್ದು ಬ್ಯಾಗಿಗೆ ನಾಗಮ್ಮ. ಗಾಳಿಗೆ ಬಿಟ್ಟವಳು ನಾನು.’

ಅವಳು ನನ್ನ ಕೈಯಿಂದ ಕತ್ತರಿ ತಗೊಂಡು ಉಳಿದ ರಿಂಗುಗಳನ್ನೆಲ್ಲ ತಾನೇ ಕತ್ತರಿಸಿದಳು. ಈಗ ನಮ್ಮ ಪಟ್ಟಿಯ ಸುರುಳಿ ತುಂಬಿ ಕಳಿಸುವ ಪ್ರತಿ ಪೆಟ್ಟಿಗೆಯ ಮೇಲೆ ‘ಬಿಚ್ಚುವಾಗ ಪಟ್ಟಿ ಕತ್ತರಿಸಿ’ ಎಂಬ ಚೀಟಿ ಅಂಟಿರುತ್ತದೆ. ಕೊಳ್ಳುವವರಲ್ಲಿ ಕೆಲವರು ನಗುತ್ತಾರೆ. ಕೆಲವರು ಓದುತ್ತಾರೆ. ಹೂಡಿಯ ಹದಿನಾರು ಅಂತಸ್ತಿನಲ್ಲಿ ಮಾತ್ರ ಕತ್ತರಿಸದ ಪಟ್ಟಿ ಕಸಕ್ಕೆ ಬಂದರೆ ಶೋಭಾ ಬಾಗಿಲು ತಟ್ಟುತ್ತಾಳೆ.

ನಿಮಲ್ ಆಗಾಗ ಸಂದೇಶ ಕಳಿಸುತ್ತಾನೆ. ಕೆಲವು ತಿಂಗಳ ಮೇಲೆ ಒಂದು ವಿಡಿಯೋ ಬಂತು. ಮರಳಿನ ಮೇಲೆ ಆ ಹೆಣ್ಣಾಮೆ ಮೂರೇ ಅವಯವದಲ್ಲಿ ಒಂದು ಪಕ್ಕಕ್ಕೆ ವಾಲುತ್ತ ತೆವಳುತ್ತಿತ್ತು. ಹಿಂದೆ ಕುಸುಮ್‌ಳ ರಬ್ಬರ್ ಬೂಟು. ಅಲೆಯೊಂದು ಬಂದು ಎತ್ತಿಕೊಂಡಿತು. ನೀರಿನೊಳಗೆ ಅದು ವಾಲಲಿಲ್ಲ. ಕೆಳಗೆ ನಿಮಲ್‌ನ ಧ್ವನಿ ಸಂದೇಶ ಇತ್ತು. ‘ಕುಸುಮ್ ಹೇಳು ಅಂದಳು, ನಿಮ್ಮ ಪಟ್ಟಿ ಇನ್ನೂ ಬಂದಿಲ್ಲ.’

ಬಂದಿಲ್ಲ ಎಂದರೆ ಒಳ್ಳೆಯದೇ. ಆದರೆ ಅದು ಇನ್ನೂ ಅಲ್ಲೆಲ್ಲೋ ಇದೆ ಎಂದೂ ಆಯಿತು.

ಆಯುಧಪೂಜೆಯ ಹಿಂದಿನ ದಿನ ಸೆಲ್ವಂ ಈ ಸಲ ಊರಿಗೆ ಹೋಗದೆ ಸ್ಪ್ಯಾನರ್ ಹಿಡಿದು ಬಂದ. ‘ರೋಲ್ ಬಿಚ್ಚಿಬಿಡ್ಲಾ ಮೇಡಂ? ತೇಯ್ಸಿದ್ರೆ ಆ ಮಾರ್ಕ್ ಹೋಗ್ಬಿಡುತ್ತೆ, ಹೊಸಾದ್ ತರ ಬರುತ್ತೆ ಪಟ್ಟಿ.’

‘ಬೇಡ ಸೆಲ್ವಂ. ಇರ್ಲಿ ಅದು.’

‘ಐಬು ಅಲ್ವಾ ಮೇಡಂ?’

‘ಅದು ಹೋದ್ರೆ, ನಮ್ದು ಎಲ್ಲಾದ್ರೂ ಸಿಕ್ದಾಗ ನಮ್ದು ಅಂತ ಹೆಂಗಪ್ಪಾ ಗೊತ್ತಾಗ್ಬೇಕು?’

ಅವನು ಸ್ಪ್ಯಾನರ್ ಕೆಳಗಿಟ್ಟ. ಮರುದಿನ ಪೂಜೆಯಲ್ಲಿ ನಾಗಮ್ಮ ರೋಲನ್ನು ಒರೆಸಿ ಮೂರು ಬೆರಳಿನಿಂದ ವಿಭೂತಿ ಎಳೆದಳು. ಆಮೇಲೆ ಅದನ್ನು ಕೈಯಿಂದ ಮೆಲ್ಲನೆ ತಿರುಗಿಸಿ, ಪೆಟ್ಟು ಬಿದ್ದ ಜಾಗ ಹುಡುಕಿ, ಅಲ್ಲಿ ಕುಂಕುಮ ಇಟ್ಟಳು.